ತಿರುವಿನಲ್ಲಿ ಟಕ್ ಟಕ್: ಮೊದಲು ಎಣಿಸಿ, ಆಮೇಲೆ ಬಿಚ್ಚಿ

ಗಾಡಿ ಪ್ರಶ್ನೋತ್ತರ

ಪ್ರಶ್ನೆ: ಸರ್, ನಾನು ಬದಿಯಡ್ಕದವನು, ಕೆಲಸ ದುಬಾಯಿಯಲ್ಲಿ. ಈ ರಜೆಯಲ್ಲಿ ಬೆಂಗಳೂರಿನಿಂದ ಒಂದು ಹಳೇ ಜರ್ಮನ್ ಸ್ಪೋರ್ಟ್ಸ್ ಕಾರು ತಂದಿದ್ದೇನೆ. ಎರಡೇ ಸೀಟು, ರಿಯರ್ ವೀಲ್ ಡ್ರೈವ್. ಹಳೇ ಮಾಲೀಕರು ಹೊರಗಿನ ಅಲಾಯ್ ವೀಲ್ ಹಾಕಿಸಿದ್ದರು. ಬಲಗಡೆ ತಿರುವಿನಲ್ಲಿ ಸ್ವಲ್ಪ ಜೋರಾಗಿ ಹೋದರೆ ಎಡಗಡೆ ಮುಂದಿನ ಚಕ್ರದಿಂದ ಟಕ್ ಟಕ್ ಟಕ್ ಎಂದು ಶಬ್ದ. ನೇರ ರಸ್ತೆಯಲ್ಲಿ ಇಲ್ಲ. ಅಂಗಳದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮೆಲ್ಲ ಹೋದರೂ ಇಲ್ಲ. ಒಂದು ಗ್ಯಾರೇಜಿನವರು ಬೇರಿಂಗ್ ಬದಲಿಸಿದರು, ಶಬ್ದ ಹಾಗೆಯೇ ಇದೆ. ಇನ್ನೊಬ್ಬರು ಆಕ್ಸಲ್ ಹೋಗಿದೆ, ಸೆಟ್ ತರಿಸಬೇಕು ಎನ್ನುತ್ತಾರೆ. ರಜೆ ಇನ್ನು ಎರಡೇ ವಾರ. ಏನು ಮಾಡಲಿ?

ಉತ್ತರ: ಮೊದಲು ಆ ಆಕ್ಸಲ್ ವಿಷಯ ಮುಗಿಸೋಣ. ನಿಮ್ಮದು ರಿಯರ್ ವೀಲ್ ಡ್ರೈವ್ ಅಂತ ನೀವೇ ಬರೆದಿದ್ದೀರಿ. ಅಂದರೆ ಎಂಜಿನ್ನಿನ ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ ಮಾತ್ರ. ಆ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ದಂಡವೇ ಆಕ್ಸಲ್, ಮುಂದಿನ ಚಕ್ರಕ್ಕೆ ಅದು ಬರುವುದೇ ಇಲ್ಲ. ಇಲ್ಲದ ಆಕ್ಸಲ್ ಹೋಗುವುದು ಹೇಗೆ ಮಾರಾಯ್ರೇ? ನಮ್ಮಲ್ಲಿ ಓಡುವ ಸಣ್ಣ ಕಾರುಗಳು ಹೆಚ್ಚಿನವು ಫ್ರಂಟ್ ವೀಲ್ ಡ್ರೈವ್, ಅವುಗಳಲ್ಲಿ ತಿರುಗುವಾಗ ಟಕ ಟಕ ಅಂದರೆ ನೂರಕ್ಕೆ ತೊಂಬತ್ತು ಸಲ ಆಕ್ಸಲ್ಲಿನ ಹೊರಗಿನ ಜಾಯಿಂಟೇ ಹೋಗಿರುತ್ತದೆ ಅನ್ನುವಷ್ಟು ಅಭ್ಯಾಸ ಮೆಕ್ಯಾನಿಕ್‌ಗಳಿಗೆ. ಅದೇ ಅಭ್ಯಾಸ ಬಾಯಿಗೆ ಬಂದಿದೆ, ಅಷ್ಟೇ. ಸೆಟ್ ತರಿಸಬೇಡಿ.

ಬೇರಿಂಗ್ ಬದಲಿಸಿದವರದ್ದೂ ಅವಸರವೇ. ಬೇರಿಂಗ್ ಹಾಳಾದರೆ ಸಾಮಾನ್ಯವಾಗಿ ಗುಂಯ್ ಎಂದು ಒಂದೇ ಸಮನೆ ಮೊರೆಯುತ್ತದೆ, ವೇಗ ಏರಿದ ಹಾಗೆ ಏರುತ್ತದೆ, ನೇರ ರಸ್ತೆಯಲ್ಲೂ ಕೇಳಿಸುತ್ತದೆ. ಬಿಡಿಬಿಡಿಯಾಗಿ ಟಕ್ ಅನ್ನುವುದು ಅದರ ಜಾಯಮಾನ ಅಲ್ಲ.

ಈಗ ಪಾನ (ಸ್ಪ್ಯಾನರ್) ಕೈಗೆತ್ತಿಕೊಳ್ಳುವ ಮೊದಲು ಎಣಿಸಿ. ಹೌದು, ಎಣಿಸುವುದೇ. 225/45 ಆರ್17 ಅಳತೆಯ ಟೈರು ಒಂದು ಸುತ್ತು ಉರುಳಿದರೆ ಹೆಚ್ಚು ಕಡಿಮೆ 2 ಮೀಟರ್ ದೂರ. ಗಂಟೆಗೆ 30 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 8 ಮೀಟರ್ ಚಿಲ್ಲರೆ, ಅಂದರೆ ಚಕ್ರ ಸೆಕೆಂಡಿಗೆ ನಾಲ್ಕು ಸುತ್ತು. ಫೋನನ್ನು ಡ್ಯಾಶಿನ ಮೇಲೆ ಇಟ್ಟು ರೆಕಾರ್ಡ್ ಮಾಡಿ, ಆಮೇಲೆ ನಿಧಾನಕ್ಕೆ ಓಡಿಸಿ ಕೇಳಿ. ಹತ್ತು ಸೆಕೆಂಡಿಗೆ 40ರ ಆಸುಪಾಸು ಟಕ್ ಬಂದರೆ ಸುತ್ತಿಗೆ ಒಂದು, ಅಂದರೆ ಚಕ್ರದ ಜೊತೆ ತಿರುಗುವ ಯಾವುದೋ ಒಂದು ಜಾಗ. ಆಕ್ಸಲ್ ಜಾಯಿಂಟಿನ ಒಳಗೆ ಸಾಮಾನ್ಯವಾಗಿ ಆರು ಗುಂಡು ಇರುತ್ತವೆ, ಅದು ಹೋದರೆ ಶಬ್ದ ಇದಕ್ಕಿಂತ ಎಷ್ಟೋ ಒತ್ತೊತ್ತಾಗಿ ಬರುತ್ತದೆ. ತಿರುವು ಶುರುವಾಗುವಾಗ ಒಂದೇ ಒಂದು ಸಲ ಟಕ್ ಅಂದು ಸುಮ್ಮನಾದರೆ ಅದು ತಿರುಗುವ ಭಾಗವೇ ಅಲ್ಲ. ಸಸ್ಪೆನ್ಶನ್ನಿನ ಕೀಲುಗಳ ಕಡೆ, ಅಂದರೆ ಲಿಂಕ್ ರಾಡ್, ಸ್ಟ್ರಟ್ ಮೌಂಟ್, ಬಾಲ್ ಜಾಯಿಂಟ್ ಕಡೆ ನೋಡಬೇಕು. ಲೆಕ್ಕಕ್ಕೇ ಸಿಗದೆ ಮನಸ್ಸಿಗೆ ಬಂದ ಹಾಗೆ ಬಂದರೆ ಡಿಕ್ಕಿ ನೋಡಿ. ನಗಬೇಡಿ, ನಾನೇ ಒಮ್ಮೆ ಮೂರು ದಿನ ಸಸ್ಪೆನ್ಶನ್ ಬಿಚ್ಚಿ ಕೂತಿದ್ದೆ, ಕೊನೆಗೆ ಸ್ಟೆಪ್ನಿ ಗುಂಡಿಯಲ್ಲಿ ಸಿಕ್ಕಿದ್ದು ಎರಡು ಒಣ ಅಡಿಕೆ. ಅಡಿಕೆ ತೋಟದ ಮನೆಯ ಕಾರು ಅಂದರೆ ಹಾಗೆಯೇ.

ಇದಕ್ಕೆ ಚೆರ್ಕಳ–ಕಲ್ಲಡ್ಕ ರಸ್ತೆಯ ತಿರುವುಗಳಲ್ಲಿ ಹಾರಿಸಬೇಕಾಗಿಲ್ಲ. ಎದುರಿನಿಂದ ಬಸ್ಸು ಬರುತ್ತದೆ, ಗೊತ್ತಲ್ವಾ. ಮದುವೆ ಇಲ್ಲದ ದಿನ ಯಾವುದಾದರೂ ಆಡಿಟೋರಿಯಂನವರನ್ನು ಕೇಳಿ, ಕಾಂಕ್ರೀಟ್ ಹಾಕಿದ ದೊಡ್ಡ ಅಂಗಳ ಖಾಲಿ ಇದ್ದರೆ ಸಾಕು. 12 ಮೀಟರ್ ತ್ರಿಜ್ಯದ ವೃತ್ತದಲ್ಲಿ 30 ಕಿ.ಮೀ. ವೇಗದಲ್ಲಿ ಸುತ್ತಿದರೆ ಕಾರಿನ ಮೇಲೆ ಬೀಳುವ ಅಡ್ಡ ಒತ್ತಡ ಅದರ ತೂಕದ ಅರ್ಧಕ್ಕಿಂತ ಜಾಸ್ತಿ, 0.6 ಜಿ ಹತ್ತಿರ. ಘಾಟಿಯ ಜೋರು ತಿರುವಿನಲ್ಲಿ ಆಗುವುದೂ ಇಷ್ಟೇ. ಗೆಳೆಯರೊಬ್ಬರನ್ನು ವೃತ್ತದಿಂದ ಸಾಕಷ್ಟು ದೂರ ನಿಲ್ಲಿಸಿ ಯಾವ ಚಕ್ರದ್ದು ಅಂತ ಕೇಳಿಸಿಕೊಳ್ಳಲು ಹೇಳಿ. ಒಳಗೆ ಕೂತವರ ಕಿವಿ ಮೋಸ ಮಾಡುತ್ತದೆ. ಬಲಕ್ಕೆ ತಿರುಗುವಾಗ ಭಾರ ಬೀಳುವುದು ಎಡಗಡೆಯ ಎರಡೂ ಚಕ್ರಗಳ ಮೇಲೆ, ಹಿಂದಿನದು ಕೂಗಿದರೂ ಮುಂದಿನದು ಅನ್ನಿಸಬಹುದು. ಹಿಂದಿನದೇ ಆದರೆ ಆಕ್ಸಲ್ ಮಾತಿಗೂ ಸ್ವಲ್ಪ ಬೆಲೆ ಬರುತ್ತದೆ. ಸುತ್ತುವಾಗ ಒಮ್ಮೆ ಬ್ರೇಕನ್ನು ಮೆಲ್ಲ ಮುಟ್ಟಿ ನೋಡಿ. ಶಬ್ದ ಥಟ್ಟನೆ ನಿಂತರೆ ಪ್ಯಾಡು ಸಡಿಲ, ಅಥವಾ ಅದರ ಸ್ಪ್ರಿಂಗ್ ಕ್ಲಿಪ್ಪು ಬಿದ್ದುಹೋಗಿದೆ.

ಆದರೆ ಈ ಪರೀಕ್ಷೆಗೂ ಮೊದಲು ವೀಲ್ ಬೋಲ್ಟು ನೋಡಿ. ಇವತ್ತೇ. ನನ್ನ ಅನುಮಾನ ಇರುವುದು ಪೂರ್ತಿ ಅಲ್ಲೇ. ನೀವು ಬರೆದ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಆ "ಹೊರಗಿನ ಅಲಾಯ್" ಅನ್ನುವ ಮಾತು.

ಏನಾಗುತ್ತದೆ ನೋಡಿ. ಒಂದೂವರೆ ಟನ್ನಿನ ಕಾರು ಜೋರಾಗಿ ಬಲಕ್ಕೆ ತಿರುಗಿದರೆ ಮುನ್ನೂರು ನಾನೂರು ಕೆ.ಜಿ. ಭಾರ ಬಲದಿಂದ ಎಡಕ್ಕೆ ವಾಲುತ್ತದೆ. ಅದರ ಜೊತೆಗೆ ರಸ್ತೆ ಟೈರಿನ ಅಡಿಯನ್ನು ಕಾರಿನ ಒಳಗಡೆಗೆ ದೂಡುತ್ತದೆ. ಅಡಿ ಒಳಗೆ ಹೋದರೆ ತಲೆ ಹೊರಗೆ ಬರಬೇಕು, ಅಂದರೆ ಚಕ್ರವನ್ನು ಹಬ್ಬಿನಿಂದ (ಹಬ್ ಅಂದರೆ ಚಕ್ರ ಬೋಲ್ಟಿನಲ್ಲಿ ಕೂರುವ ಲೋಹದ ನಡುಭಾಗ) ಮೀಟಿ ಕೀಳುವ ಹಾಗೆ. ಚಕ್ರ ತಿರುಗುತ್ತಲೇ ಇರುವುದರಿಂದ ಈ ಮೀಟುವಿಕೆ ಪ್ರತಿ ಸುತ್ತಿಗೂ ಒಂದೊಂದು ಬೋಲ್ಟಿನ ಜಾಗಕ್ಕೆ ಬರುತ್ತದೆ. ಬೋಲ್ಟುಗಳು ಸರಿಯಾಗಿ ಬಿಗಿದು, ವೀಲು ಹಬ್ಬಿಗೆ ಅಂಟಿದಂತೆ ಕೂತಿದ್ದರೆ ಏನೂ ಆಗುವುದಿಲ್ಲ. ಎಲ್ಲೋ ಒಂದು ಕಡೆ ಕೂತಿಲ್ಲ ಅಂದರೆ ಆ ಜಾಗ ಕೆಳಗೆ, ಮೇಲೆ ಬರುವಾಗ ಕೂದಲೆಳೆಯಷ್ಟು ಜಾರಿ ಟಕ್ ಅನ್ನುತ್ತದೆ. ನೇರ ರಸ್ತೆಯಲ್ಲಿ ಅಷ್ಟು ಒತ್ತಡ ಇಲ್ಲ, ಅಂಗಳದಲ್ಲಿ ಮೆಲ್ಲ ತಿರುಗಿಸುವಾಗಲೂ ಇಲ್ಲ. ನೀವು ಹೇಳಿದ ಲಕ್ಷಣಕ್ಕೆ ಇದು ಸರಿಯಾಗಿ ಹೊಂದುತ್ತದೆ.

ಕೂರದೆ ಇರುವುದಕ್ಕೆ ಕಾರಣ ಬೇಕಾದಷ್ಟು. ಅಂಗಡಿಯಲ್ಲಿ ಸಿಗುವ ಅಲಾಯ್‌ಗೆ ಮಧ್ಯದ ತೂತು ಬೇಕೆಂದೇ ದೊಡ್ಡದಾಗಿ ಇಟ್ಟಿರುತ್ತಾರೆ, 73.1 ಮಿ.ಮೀ. ತುಂಬ ಕಡೆ ಕಾಣುವ ಅಳತೆ. ಕಾರಿನ ಹಬ್ 66.6 ಇದ್ದರೆ ನಡುವಿನ ಜಾಗಕ್ಕೆ ಒಂದು ರಿಂಗ್ ಬರಬೇಕು. ಟೈರು ಬದಲಿಸುವಾಗ ಅದು ಬಿದ್ದು ಅಂಗಡಿಯ ಮೂಲೆ ಸೇರುವುದು ಹೊಸತೇನಲ್ಲ. ಇನ್ನೊಂದು, ಬೋಲ್ಟಿನ ಕುತ್ತಿಗೆ. ಕೆಲವು ಕಾರಿನ ಕಂಪನಿ ಬೋಲ್ಟಿನದ್ದು ಗುಂಡಗೆ, ಹೊರಗಿನ ಅಲಾಯ್‌ಗೆ ಹೆಚ್ಚಾಗಿ ಬೇಕಾದ್ದು ಶಂಕುವಿನಂತೆ ಚೂಪಾದದ್ದು. ಗುಂಡಗಿನದ್ದನ್ನು ಚೂಪು ಗುಳಿಗೆ ಹಾಕಿದರೆ ಒಂದು ತೆಳು ಗೆರೆಯಲ್ಲಷ್ಟೇ ಹಿಡಿಯುತ್ತದೆ, ಟಾರ್ಕ್ (ಬಿಗಿಯುವ ಬಲದ ಅಳತೆ) ಸರಿ ತೋರಿಸುತ್ತದೆ, ನೂರು ಕಿ.ಮೀ. ಓಡಿದ ಮೇಲೆ ಸಡಿಲ. ಮತ್ತೆ ತುಕ್ಕು. ಹಳೇ ಗಾಡಿಗೆ ಈಗಾಗಲೇ ಹಿಡಿದಿರಬಹುದು. ನಮ್ಮ ಕಡೆಯ ಮಳೆ, ಕಡಲಿನ ಉಪ್ಪುಗಾಳಿ, ಇದರ ನಡುವೆ ನೀವು ದುಬಾಯಿಗೆ ಹೋದ ಮೇಲೆ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಗಾಡಿಯ ಹಬ್ ಇನ್ನು ಹೇಗಾಗಬಹುದು ಹೇಳಿ.

ಆದ್ದರಿಂದ ಹೀಗೆ ಮಾಡಿ. ಚಕ್ರ ಬಿಚ್ಚಿ. ಹಬ್ಬಿನ ಮುಖ, ವೀಲಿನ ಹಿಂಭಾಗ ಎರಡನ್ನೂ ತಂತಿ ಬ್ರಷ್ಷಿನಲ್ಲಿ ಉಜ್ಜಿ ಲೋಹ ಕಾಣುವ ಹಾಗೆ ಮಾಡಿ. ಅಲ್ಲಿ ಒಂದು ಕಡೆ ಮಾತ್ರ ಹೊಳೆಯುವ ಗುರುತು ಅಥವಾ ಕೆಂಪು ಪುಡಿ ಕಂಡರೆ ಕಳ್ಳ ಸಿಕ್ಕಿದ ಹಾಗೆ. ರಿಂಗ್ ಇದೆಯಾ, ಬೋಲ್ಟಿನ ಆಕಾರ ಸರಿಯಾ ನೋಡಿ. ಬೋಲ್ಟು ಕೈಯಲ್ಲೇ ಏಳೆಂಟು ಸುತ್ತು ಒಳಗೆ ಹೋಗಬೇಕು. ಎಳೆಗೆ ಗ್ರೀಸು ಹಚ್ಚಬೇಡಿ, ಹಚ್ಚಿದರೆ ಅದೇ ಟಾರ್ಕಿಗೆ ಬೋಲ್ಟು ಬೇಕಾದ್ದಕ್ಕಿಂತ ಜಾಸ್ತಿ ಎಳೆಯುತ್ತದೆ. ನಕ್ಷತ್ರದ ಹಾಗೆ ಎದುರುಬದುರು ಬಿಗಿಯಿರಿ, ಕೊನೆಯ ಬಿಗಿತ ಟಾರ್ಕ್ ರೆಂಚಿನಲ್ಲೇ. ಇಂಥ ಕಾರುಗಳಿಗೆ ಸಾಮಾನ್ಯವಾಗಿ 110ರಿಂದ 140 ನ್ಯೂಟನ್ ಮೀಟರ್ ನಡುವೆ ಇರುತ್ತದೆ, ನಿಮ್ಮದರ ಸರಿಯಾದ ಅಂಕಿ ಕಾರಿನ ಪುಸ್ತಕದಲ್ಲಿದೆ. ಏರ್ ಗನ್ನಿನಲ್ಲಿ ಟರ್ರ್ ಅನ್ನಿಸಿ "ಆಯ್ತು ಇಕ್ಕಾ" ಅಂದರೆ ಒಪ್ಪಬೇಡಿ. 50 ಕಿ.ಮೀ. ಓಡಿಸಿ ಮತ್ತೊಮ್ಮೆ ಪರೀಕ್ಷಿಸಿ. ಬೋಲ್ಟಿನ ತಲೆಯಿಂದ ವೀಲಿನ ಮೇಲೆ ಬಿಳಿ ಪೇಂಟಿನ ಒಂದು ಗೆರೆ ಎಳೆದಿಟ್ಟರೆ ಸಡಿಲಾದದ್ದು ಕಣ್ಣಿಗೇ ಕಾಣುತ್ತದೆ.

ಚಕ್ರ ಕೈಯಲ್ಲಿರುವಾಗ ಟೈರಿನ ಗೀರುಗಳನ್ನೂ ನೋಡಿಬಿಡಿ. ಹೆದ್ದಾರಿ 66ರ ಜಲ್ಲಿ ಒಂದು ಸಿಕ್ಕಿಕೊಂಡಿದ್ದರೂ ಸುತ್ತಿಗೆ ಒಂದು ಟಕ್ ಬರುತ್ತದೆ. ಹೊರ ಅಂಚಿನಲ್ಲಿದ್ದರೆ ತಿರುವಿನಲ್ಲಿ ಮಾತ್ರ ಬರುತ್ತದೆ. ಮಧ್ಯದ ಪ್ಲಾಸ್ಟಿಕ್ ಮುಚ್ಚಳ ತೆಗೆದಿಟ್ಟು ಒಂದು ಸುತ್ತು ಹೋಗಿ ಬನ್ನಿ. ಖರ್ಚಿಲ್ಲದ ಪರೀಕ್ಷೆ.

ಇಷ್ಟಾಗಿಯೂ ಶಬ್ದ ಹೋಗದಿದ್ದರೆ ಮುಂದಿನ ಎರಡು ಚಕ್ರಗಳನ್ನು ಎಡ ಬಲ ಅದಲು ಬದಲು ಮಾಡಿ ಮತ್ತೆ ಅದೇ ಅಂಗಳಕ್ಕೆ. ಟೈರಿನ ಮೇಲೆ ಬಾಣದ ಗುರುತಿದ್ದರೆ ಪರೀಕ್ಷೆ ಮುಗಿದ ಕೂಡಲೇ ವಾಪಸ್ ಹಾಕಿ, ಮಳೆಗೆ ಹಾಗೆ ಓಡಿಸಬೇಡಿ. ಶಬ್ದ ಚಕ್ರದ ಜೊತೆ ಬಲಕ್ಕೆ ಹೋದರೆ ದೋಷ ವೀಲಿನದ್ದು. ಎಡದಲ್ಲೇ ಉಳಿದರೆ ಜಾಕಿ ಕೊಟ್ಟು, ಅಡಿಗೆ ಸ್ಟ್ಯಾಂಡ್ ಇಟ್ಟು, ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಗ ಆಟ ಮಾಯವಾದರೆ ಬೇರಿಂಗ್, ಹೊಸದಾದರೂ ಸರಿ, ಬಿಗಿ ಸರಿ ಆಗಿಲ್ಲ. ಉಳಿದರೆ ಬಾಲ್ ಜಾಯಿಂಟ್.

ಪ್ರಶ್ನೆ: ನಮ್ಮದು ಸ್ಪೋರ್ಟ್ಸ್ ಕಾರಲ್ಲ, ಎಂಟು ವರ್ಷದ ಸಣ್ಣ ಪೆಟ್ರೋಲ್ ಕಾರು. ಮನೆಯ ಏರು ದಾರಿಯಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟರೆ ಟಕ ಟಕ ಟಕ. — ಉಪ್ಪಳದಿಂದ ಓದುಗರು

ಉತ್ತರ: ನೋಡಿ, ಇದು ಆಕ್ಸಲ್. ಚಕ್ರದ ಹಿಂದೆ ಬಗ್ಗಿ ನೋಡಿದರೆ ಕಪ್ಪು ರಬ್ಬರ್ ಬೂಟ್ ಕಾಣುತ್ತದೆ. ಹರಿದು ಗ್ರೀಸು ಸುತ್ತಲೂ ಸಿಡಿದಿರುತ್ತದೆ. ಶಬ್ದ ಶುರುವಾಗುವ ಮೊದಲೇ ಕಂಡಿದ್ದರೆ ಬೂಟ್, ಗ್ರೀಸಿನಲ್ಲಿ ಮುಗಿಯುತ್ತಿತ್ತು. ಈಗ ಒಳಗೆ ಮಣ್ಣು ನೀರು ಹೋಗಿ ತೇಯ್ದಿದೆ, ಹೊರಗಿನ ಜಾಯಿಂಟ್ ಬದಲಿಸಿ.

ಪ್ರಶ್ನೆ: ದಿಂಬಂ ಘಾಟಿ ಇಳಿಯುವಾಗ ರಿವರ್ಸಿನಿಂದ ಮುಂದಕ್ಕೆ ಹಾಕಿ ಮೊದಲ ಬ್ರೇಕ್ ಹಿಡಿದರೆ ಒಂದೇ ಟಕ್. ಹೊಸ ಪ್ಯಾಡ್ ಹಾಕಿಸಿದ ಮೇಲೆ ಶುರು. — ತಾಳವಾಡಿಯಿಂದ ಓದುಗರು

ಉತ್ತರ: ಪ್ಯಾಡು ತನ್ನ ಜಾಗದಲ್ಲಿ ಹಿಂದೆ ಮುಂದೆ ಸರಿಯುವ ಶಬ್ದ. ಹಳೇ ಕ್ಲಿಪ್ಪುಗಳನ್ನೇ ಹಾಕಿರಬೇಕು ಅಥವಾ ಒಂದನ್ನು ಮರೆತಿರಬೇಕು. ಹೊಸ ಕ್ಲಿಪ್ ಸೆಟ್ ಹಾಕಿಸಿ. 27 ಹೇರ್‌ಪಿನ್ ಇರುವ ರಸ್ತೆ ನಿಮ್ಮದು, ಬಿಚ್ಚಿದಾಗ ಕ್ಯಾಲಿಪರ್ ಬೋಲ್ಟುಗಳ ಬಿಗಿಯನ್ನೂ ಎದುರು ನಿಂತು ನೋಡಿ.