ಔಷಧಿ ಹೊಡೆದು ಬಂದ ದಿನ ಅಮ್ಮನಿಗೆ ತಲೆಸುತ್ತು

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆಯ ಹಳ್ಳಿ. ಅಮ್ಮ ಹತ್ತಿ ಹೊಲಕ್ಕೆ ಕೂಲಿಗೆ ಹೋಗ್ತಾರೆ. ಔಷಧಿ ಹೊಡೆದ ದಿನ ತಲೆಸುತ್ತು, ಕಣ್ಣು ಮಂಜು, ಊಟ ಸೇರಲ್ಲ. ಮಾಸ್ಕ್ ಕೊಡಿಸಿದರೆ ಹಾಕಲ್ಲ. ಗುಂಪಿನ ಎಲ್ಲರಿಗೂ ಹೀಗೇ. ಊರವರು ಏನು ಮಾಡಬಹುದು?

ಉತ್ತರ: ಅಮ್ಮನ ಮೇಲೆ ಸಿಟ್ಟಾಗಬೇಡಿ. ಆ ಬಿಸಿಲಲ್ಲಿ 16 ಲೀಟರಿನ ಪಂಪ್ ಬೆನ್ನಿಗೆ ಹೊತ್ತು, ಮುಖಕ್ಕೂ ಕಟ್ಟಿಕೊಂಡರೆ ಉಸಿರು ಕಟ್ಟುತ್ತದೆ. ಅಲ್ಲದೆ ಈ ವಿಷ ಮೂಗಿಗಿಂತ ಜಾಸ್ತಿ ಚರ್ಮದಿಂದ ಒಳಗೆ ಹೋಗುತ್ತದೆ. ಪಂಪ್ ಸೋರಿ ಬೆನ್ನೆಲ್ಲ ಒದ್ದೆ, ಬಕೆಟ್‌ನಲ್ಲಿ ಬರಿಗೈಯಲ್ಲೇ ಕಲಸೋದು, ನಾಝಲ್ ಕಟ್ಟಿಕೊಂಡರೆ ಬಾಯಿಟ್ಟು ಊದೋದು. ಇದನ್ನೆಲ್ಲ ಕಣ್ಣಾರೆ ನೋಡಿದ್ದೇನೆ, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಔಷಧಿ ಅಂತೀವಿ, ಆದರೆ ಪ್ರೊಫೆನೋಫಾಸ್‌ನಂಥ ಕೀಟನಾಶಕಗಳು ಹುಳುವಿನ ನರಕ್ಕೆ ಮಾಡೋದನ್ನೇ ಮನುಷ್ಯರ ನರಕ್ಕೂ ಮಾಡುತ್ತವೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆದ 20ಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು.

ಅಮ್ಮ ಒಬ್ಬರೇ ಹೋಗಿ ಸೋಪು, ಕೈಗವಸು ಕೇಳಿದರೆ "ನಾಳೆಯಿಂದ ಬರಬೇಡ" ಅಂತಾರೆ, ಅಲ್ವಾ? ಇಡೀ ಗುಂಪು ಕೇಳಿದರೆ ಹಾಗನ್ನೋದು ಕಷ್ಟ. ಹತ್ತಿಗೆ ಹುಳ ಬಿದ್ದ ಮೇಲೆ ಔಷಧಿ ಹೊಡೆಯೋದನ್ನು ಮುಂದೂಡೋಕಾಗಲ್ಲ, ಹೊಲದವರಿಗೆ ಆಳು ಬೇಕೇ ಬೇಕು. ಅದಕ್ಕೇ ಕೂಲಿ ಮಾತಾಡುವಾಗಲೇ ಇದನ್ನೂ ಮಾತಾಡಿ: ಸೋರದ ಪಂಪ್, ಕಲಸೋಕೆ ಕೋಲು ಮತ್ತು ಕೈಗವಸು, ಬದುವಿನ ಮೇಲೆ ಒಂದು ಡ್ರಮ್ ನೀರು, ಸೋಪು. ಬಿಸಿಲೇರುವ ಮೊದಲೇ ಕೆಲಸ ಮುಗಿಯಬೇಕು, ಗಾಳಿಗೆ ಎದುರಾಗಿ ಹೊಡೆಯಬಾರದು. ಬಸುರಿಯರನ್ನು, ಹಾಲುಣಿಸುವ ತಾಯಂದಿರನ್ನು ಈ ಕೆಲಸಕ್ಕೆ ಕರೆಯಲೇಬಾರದು. ಸ್ತ್ರೀಶಕ್ತಿ ಸಂಘದಲ್ಲಿ ಮಾತು ಶುರು ಮಾಡಿ, ಆಶಾ ಕಾರ್ಯಕರ್ತೆಯನ್ನೂ ಕೂರಿಸಿಕೊಳ್ಳಿ.

ಮನೆಗೆ ಬಂದ ಕೂಡಲೇ ಸೋಪು ಹಚ್ಚಿ ಸ್ನಾನ, ಆಮೇಲೆ ಊಟ. ಆ ಸೀರೆ, ಅಂಗಿಯನ್ನು ಮಕ್ಕಳ ಬಟ್ಟೆ ಜೊತೆ ಒಗೆಯಬೇಡಿ. ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ಕುಡಿಯುವ ನೀರಿಗೆ ಬೇಡ.

ಜೊಲ್ಲು, ವಾಂತಿ, ಮೈಯೆಲ್ಲ ಬೆವರು, ಮಾಂಸಖಂಡ ಅದುರೋದು, ಏದುಸಿರು ಕಂಡರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಬಟ್ಟೆ ಬಿಚ್ಚಿಸಿ ಮೈ ತೊಳೆಯಿರಿ, ಆದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಇಂಥ ವಿಷಕ್ಕೆ ಅಟ್ರೋಪಿನ್ ಇಂಜೆಕ್ಷನ್ ಕೊಡುತ್ತಾರೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಇದೆಯಾ ಅಂತ ಔಷಧಿ ಹೊಡೆಯುವ ಹಂಗಾಮು ಶುರುವಾಗುವ ಮುಂಚೆಯೇ ನಾಲ್ಕು ಜನ ಹೋಗಿ ಕೇಳಿ ಬನ್ನಿ. ಯಾವ ವಿಷ ಅಂತ ಗೊತ್ತಾದರೆ ಡಾಕ್ಟರ ಕೆಲಸ ಬೇಗ ಆಗುತ್ತದೆ, ಹಾಗಾಗಿ ಹೊಲಕ್ಕೆ ಹೋದ ದಿನವೇ ಡಬ್ಬಿಯ ಚೀಟಿಯ ಫೋಟೋ ಯಾರಾದರೊಬ್ಬರ ಮೊಬೈಲಿನಲ್ಲಿ ಇರಲಿ.