ಅಮ್ಮನ ಎಎಂಎಲ್ (ಒಂದು ಬಗೆಯ ರಕ್ತದ ಕ್ಯಾನ್ಸರ್) ರೆಮಿಷನ್‌ನಲ್ಲಿದೆ, ಅಂದರೆ ಚಿಕಿತ್ಸೆಗೆ ತಗ್ಗಿದೆ. ಕೆಟ್ಟ ಎನ್‌ಪಿಎಂ1 ಜೀನ್ ಒಂದನ್ನೇ ಹುಡುಕುವ ಪಿಸಿಆರ್ ಟೆಸ್ಟ್ ಬದಲು ಒಟ್ಟಿಗೆ ಐವತ್ತು ಜೀನ್ ಓದಿ ನೋಡುವ ಎನ್‌ಜಿಎಸ್ ಪ್ಯಾನಲ್ ಮಾಡಿಸಿದರೆ ಒಳ್ಳೆಯದಲ್ಲವೇ?

ಬೇಡ. ಇದೇ ಲೆಕ್ಕ ಹಾಕಿ ಅಕ್ಕನ ಮೂರು ತಿಂಗಳು ಹಾಳು ಮಾಡಿದವನು ನಾನು.

ಕೀಮೋ ಮುಗಿದಾಗ ಅವಳ ಮೂಳೆಮಜ್ಜೆಯಲ್ಲಿ ಬ್ಲಾಸ್ಟ್ (ಬಲಿಯದ ರಕ್ತದ ಸೆಲ್, ಈ ಕಾಯಿಲೆಯಲ್ಲಿ ಹೆಚ್ಚುವುದು ಇದೇ) 2% ಇತ್ತು. 5%ಕ್ಕಿಂತ ಕಡಿಮೆ, ಹಾಗಾಗಿ ರೆಮಿಷನ್. ಪಿಸಿಆರ್‌ನಲ್ಲೂ ಕೆಟ್ಟ ಎನ್‌ಪಿಎಂ1 ಸಿಗಲಿಲ್ಲ. ಇನ್ನೆರಡು ವರ್ಷ ಮೂರು ತಿಂಗಳಿಗೊಮ್ಮೆ ಮಜ್ಜೆ ತೆಗೆದು ಅದೇ ಟೆಸ್ಟ್ ಮಾಡಿಸಿ ಅಂತ ಡಾಕ್ಟರು ಬರೆದುಕೊಟ್ಟರು. ಎರಡನೇ ಸರದಿಗೆ ನಾನು ಜಾಣತನ ತೋರಿಸಿ ಬೇರೆ ಲ್ಯಾಬಿಗೆ ಸ್ಯಾಂಪಲ್ ಕೊಟ್ಟೆ. ಒಂದು ಜೀನ್‌ಗೆ ಅಷ್ಟು ದುಡ್ಡು ಸುರಿಯುವ ಬದಲು ಇನ್ನಷ್ಟು ಸೇರಿಸಿದರೆ ಐವತ್ತು ಜೀನ್, ಯಾರಿಗೆ ಬೇಡ?

ರಿಪೋರ್ಟ್ ಬಂತು. ಎನ್‌ಪಿಎಂ1 'ನಾಟ್ ಡಿಟೆಕ್ಟೆಡ್', ಅದರ ಕೆಳಗೆ ಡಿಎನ್‌ಎಂಟಿ3ಎ ಅನ್ನುವ ಇನ್ನೊಂದು ಜೀನ್ ಪಾಸಿಟಿವ್, ಅಂದರೆ ಕೆಟ್ಟಿದೆ. ನಾವು ಮೂವರೂ ಆ ಎರಡನೇ ಸಾಲು ಹಿಡಿದು ರಾತ್ರಿಯೆಲ್ಲ ನಿದ್ದೆಗೆಟ್ಟೆವು. ಅದು ರೆಮಿಷನ್‌ನಲ್ಲೂ ಎಷ್ಟೋ ಜನರಲ್ಲಿ ಉಳಿದಿರುತ್ತೆ, ಅದೊಂದನ್ನೇ ನೋಡಿ ಕಾಯಿಲೆ ಮರಳಿತು ಅನ್ನಲಾಗದು ಅಂತ ಆಮೇಲೆ ತಿಳಿಯಿತು. ಹೆದರಬೇಕಿದ್ದದ್ದು ಮೇಲಿನ ಸಾಲಿಗೆ. ನಾಲ್ಕನೇ ಪುಟದ ಬುಡದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು: 5%ಕ್ಕಿಂತ ಕಡಿಮೆ ಇರುವ ಮ್ಯುಟೇಷನ್ (ಜೀನಿನ ಕೆಡುಕು) ಈ ಟೆಸ್ಟಿಗೆ ಸಿಗದೆ ಹೋಗಬಹುದು. ಎನ್‌ಪಿಎಂ1 ಪಿಸಿಆರ್ ಆದರೋ ಲಕ್ಷ ಸೆಲ್‌ಗಳಲ್ಲಿ ಒಂದು ಕೆಟ್ಟಿದ್ದರೂ ಹಿಡಿಯಬಲ್ಲದು. ರಾಗಿಹಿಟ್ಟು ಸೋಸಲು ನಾನು ಮರಳಿನ ಜರಡಿ ತಂದಿದ್ದೆ. ಅಂಥ ಪ್ಯಾನಲ್ ಇರುವುದು ಕಾಯಿಲೆ ಮೊದಲು ಪತ್ತೆಯಾದಾಗ ಯಾವ ಯಾವ ಜೀನ್ ಕೆಟ್ಟಿದೆ ಅಂತ ನೋಡಲಿಕ್ಕೆ. ಚಿಕಿತ್ಸೆಯ ನಂತರ ತಳದಲ್ಲಿ ಉಳಿದ ಕಾಯಿಲೆಯ ಸೆಲ್ ಹುಡುಕುವ ಎಂಆರ್‌ಡಿ ಟೆಸ್ಟೇ ಬೇರೆ.

ಮುಂದಿನ ಸರದಿಗೆ ಹಳೇ ಲ್ಯಾಬಿಗೇ ಹೋದೆವು. ಪಿಸಿಆರ್ ಪಾಸಿಟಿವ್. ನಾಲ್ಕು ವಾರ ಬಿಟ್ಟು ಮತ್ತೆ ನೋಡಿದರೆ ಹತ್ತು ಪಟ್ಟಿಗಿಂತ ಹೆಚ್ಚು. ಆ ದಿನವೂ ಸಿಬಿಸಿ (ರಕ್ತಕಣಗಳ ಎಣಿಕೆ) ಪೂರ್ತಿ ನಾರ್ಮಲ್, ಅಕ್ಕ ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದಳು. ಮಾಲಿಕ್ಯುಲರ್ ರಿಲ್ಯಾಪ್ಸ್ ಅಂದರು, ಅಂದರೆ ಹೊರಗೆ ಕಾಣದಿದ್ದರೂ ಜೀನ್ ಟೆಸ್ಟಿನಲ್ಲಿ ಕಾಯಿಲೆ ಮರಳಿದೆ. "ಹಿಂದಿನ ಸಲ ಎಷ್ಟಿತ್ತು?" ಅಂತ ಡಾಕ್ಟರು ಕೇಳಿದಾಗ ಕೊಡಲು ನನ್ನ ಹತ್ತಿರ ಅಂಕಿಯೇ ಇರಲಿಲ್ಲ.

ನಿಮಗೆ ಹೇಳುವುದು ಇಷ್ಟೇ: ಜೀನ್ ಎಣಿಸಬೇಡಿ, ಸೆನ್ಸಿಟಿವಿಟಿ ಎಷ್ಟು, ಅಂದರೆ ಎಷ್ಟು ಕಡಿಮೆ ಇದ್ದರೂ ಹಿಡಿಯುತ್ತೆ ಅಂತ ಕೇಳಿ. ಅದೇ ಲ್ಯಾಬ್, ಅದೇ ಟೆಸ್ಟ್. ಇಲ್ಲವಾದರೆ ಒಂದು ಅಂಕಿಗೂ ಇನ್ನೊಂದಕ್ಕೂ ತಾಳೆಯಾಗದು. ಮಜ್ಜೆಯ ಸೂಜಿ ನೋಯುತ್ತೆ ಅಂತ ಬರೀ ರಕ್ತ ಕೊಟ್ಟು ಸುಮ್ಮನಾಗಲೂ ಬೇಡಿ, ಮಜ್ಜೆಯಲ್ಲಿ ಕಾಣುವುದು ರಕ್ತದಲ್ಲಿ ತಡವಾಗಿ ಕಾಣಬಹುದು.

ಅಕ್ಕನಿಗೆ ನನ್ನದೇ ಸ್ಟೆಮ್ ಸೆಲ್ ಹೊಂದಿಕೆಯಾಯಿತು, ಕಸಿಯಾಗಿ ಹದಿನಾಲ್ಕು ತಿಂಗಳು. ಸ್ಯಾಂಪಲ್ ಡಬ್ಬಿಯನ್ನು ಈಗ ಭಾವನೇ ಲ್ಯಾಬಿಗೆ ಒಯ್ಯುತ್ತಾರೆ, ನನ್ನ ಕೈಗೆ ಕೊಡುವುದಿಲ್ಲ.