ಕೆಟ್ಟ ಜುಮುಕಿಯನ್ನೇ ಹಿಡಿದು ಗುರುವಿನ ಬಳಿ ಹೋಗಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ. ಈ ಬಾರಿಯ ವಿಷಯ: ಕೈಯಿಂದ ಆಭರಣ ಮಾಡುವ ಕಸುಬು. ಉತ್ತರಿಸಿದವರು ತುಮಕೂರಿನಲ್ಲಿ ಹದಿನೆಂಟು ವರ್ಷಗಳಿಂದ ಬೆಳ್ಳಿ ಮತ್ತು ತಾಮ್ರದ ಆಭರಣ ಮಾಡುತ್ತಿರುವ ಮಹಿಳೆ.

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಗುಬ್ಬಿಯಲ್ಲಿ ಬಟ್ಟೆ ಹೊಲಿಯುತ್ತೇನೆ. ಕಳೆದ ವರ್ಷ ಹತ್ತು ದಿನದ ತರಗತಿಗೆ ಹೋಗಿ ರೇಷ್ಮೆ ದಾರದ ಬಳೆ, ಜುಮುಕಿ, ಮಣಿಸರ ಮಾಡುವುದನ್ನು ಕಲಿತೆ. ಪ್ರಮಾಣಪತ್ರವೂ ಬಂತು. ಆದರೆ ನಾನು ಮಾಡಿದ ಜುಮುಕಿಯ ಕೊಂಡಿ ಎರಡು ಸಲ ಹಾಕಿಕೊಂಡರೆ ಬಿಟ್ಟುಕೊಳ್ಳುತ್ತದೆ. ಬೆಂಗಳೂರಿನಲ್ಲಿ ಮೂರು ತಿಂಗಳ ಡಿಪ್ಲೊಮಾಕ್ಕೆ ₹45,000 ಕೇಳುತ್ತಿದ್ದಾರೆ. ಸೇರಲೇ? ಇಲ್ಲವೇ ಯಾರಾದರೂ ಗುರುವನ್ನು ಹುಡುಕಲೇ?

ಉತ್ತರ: ಸದ್ಯಕ್ಕೆ ಆ ₹45,000 ನಿಮ್ಮ ಬೀರುವಿನಲ್ಲೇ ಇರಲಿ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಡಿಪ್ಲೊಮಾ ಅಲ್ಲ, ಬಿಟ್ಟುಕೊಳ್ಳುವ ಆ ಕೊಂಡಿ. ಅದರಿಂದಲೇ ಶುರು ಮಾಡೋಣ.

ಕೊಂಡಿಯನ್ನು ಬಿಡಿಸುವಾಗ ನೀವು ಎರಡೂ ತುದಿಗಳನ್ನು ಆ ಕಡೆ ಈ ಕಡೆ ಅಗಲಕ್ಕೆ ಎಳೆಯುತ್ತಿದ್ದೀರಿ ಎಂದು ನನ್ನ ಊಹೆ. ಹಾಗೆ ಎಳೆದರೆ ಅದರ ದುಂಡು ಹೋಗುತ್ತದೆ, ಮತ್ತೆ ಎಷ್ಟು ಒತ್ತಿದರೂ ಸಂದು ಉಳಿಯುತ್ತದೆ. ಎರಡು ಇಕ್ಕಳಗಳಲ್ಲಿ ಹಿಡಿದು ಒಂದು ತುದಿಯನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಆಚೆಗೆ ತಿರುಗಿಸಿ ಬಿಡಿಸಿ. ಮುಚ್ಚುವಾಗ ತುದಿಗಳು ಒಂದನ್ನೊಂದು ಕೂದಲೆಳೆಯಷ್ಟು ದಾಟುವ ಹಾಗೆ ತಿರುಗಿಸಿ ಹಿಂದಕ್ಕೆ ತಂದರೆ ಟಿಕ್ ಎಂದು ಕೂಡುತ್ತದೆ. ಕಂಬಿ ಕತ್ತರಿಸುವ ಇಕ್ಕಳ ಒಂದು ಬದಿಯನ್ನು ಚೂಪಾಗಿಯೂ ಇನ್ನೊಂದು ಬದಿಯನ್ನು ಚಪ್ಪಟೆಯಾಗಿಯೂ ಬಿಡುತ್ತದೆ. ಚೂಪು ತುದಿಯನ್ನು ಮತ್ತೊಮ್ಮೆ ಕತ್ತರಿಸಿ ಚಪ್ಪಟೆ ಮಾಡದಿದ್ದರೆ ಯಾವ ಕೊಂಡಿಯೂ ಸರಿಯಾಗಿ ಮುಚ್ಚುವುದಿಲ್ಲ. ಜುಮುಕಿಯ ತೂಕ ಹೊರುವ ಕೊಂಡಿಗೆ 24 ಗೇಜಿನ ಕಂಬಿ ಸಾಲದು, ಅದು ಅರ್ಧ ಮಿಲಿಮೀಟರ್ ದಪ್ಪ ಮಾತ್ರ. 20 ಗೇಜ್ ಎಂದರೆ 0.8 ಮಿಲಿಮೀಟರ್, ಅದನ್ನು ಬಳಸಿ.

ಅಭ್ಯಾಸಕ್ಕೆ ಹೊಸ ಕಂಬಿ ಕೊಳ್ಳಬೇಡಿ. ಬೋರ್‌ವೆಲ್ ಪಂಪಿನ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ ನಿಮ್ಮೂರಿನಲ್ಲಿ ಇಲ್ಲದೇ ಇರುವುದಿಲ್ಲ. ಅಲ್ಲಿ ಹಳೆಯ ತಾಮ್ರದ ಕಂಬಿ ತೂಕಕ್ಕೆ ಸಿಗುತ್ತದೆ. ಒಂದು ಮಾತು ನೆನಪಿರಲಿ: ಆ ಕಂಬಿಗೆ ಮೇಲೆ ಲೇಪನವಿರುತ್ತದೆ, ಬಗ್ಗಿಸಲು ಮಾತ್ರ ಬಳಸಿ, ಬೆಂಕಿಗೆ ಒಡ್ಡಿದರೆ ಕೆಟ್ಟ ಹೊಗೆ ಬರುತ್ತದೆ. ಐನೂರು ಕೊಂಡಿ ಮಾಡಿ, ಬಿಡಿಸಿ, ಮುಚ್ಚಿ. ಕಾಜಾ ಹೊಲಿದು ಪಳಗಿದ ನಿಮ್ಮ ಕೈಗೆ ಇದು ಹದಿನೈದು ದಿನದ ಕೆಲಸ.

ಇನ್ನು ಗುರುವಿನ ವಿಷಯ. ನಾನು ಮೂವತ್ತು ದಾಟಿದ ಮೇಲೆ ಕಲಿಯಲು ಹೊರಟವಳು. ತುಮಕೂರಿನ ಚಿಕ್ಕಪೇಟೆಯಲ್ಲಿ ಲಿಂಗದ ಬೆಳ್ಳಿ ಕರಡಿಗೆ ಮಾಡುತ್ತಿದ್ದ ಹಿರಿಯ ಅಕ್ಕಸಾಲಿಗರೊಬ್ಬರಿದ್ದರು. ಮೂರು ಸಲ ಹೋಗಿ "ಕಲಿಸಿಕೊಡಿ" ಎಂದೆ. ಮೂರು ಸಲವೂ "ಇದೆಲ್ಲ ನಿಮಗ್ಯಾಕೆ ತಾಯಿ" ಎಂದು ತಲೆಯೆತ್ತದೆ ಕಳಿಸಿದರು. ನಾಲ್ಕನೆಯ ಸಲ ಕೇಳಲು ಹೋಗಲಿಲ್ಲ. ನಾನೇ ಮಾಡಿದ, ನಡುವೆ ಸೀಳು ಬಿಟ್ಟಿದ್ದ ಬೆಳ್ಳಿಯ ಕಾಲುಂಗುರವನ್ನು ಅವರ ಮುಂದೆ ಇಟ್ಟು ಸುಮ್ಮನೆ ನಿಂತೆ. ಅವರು ಕನ್ನಡಕ ಹುಡುಕಿದರು! ಕಾಲುಂಗುರವನ್ನು ಬೆಳಕಿಗೆ ಹಿಡಿದು "ಕಾಯಿಸದೆ ಎಷ್ಟು ಸಲ ಬಗ್ಗಿಸಿದೆ?" ಎಂದರು. ಬಹುವಚನ ಹೋಗಿ ಏಕವಚನ ಬಂದದ್ದನ್ನು ಕೇಳಿ ನನಗೆ ಒಳಗೊಳಗೇ ಸಂತೋಷವಾಯಿತು.

ಆ ದಿನ ಅವರು ತೋರಿಸಿದ್ದು ಇಷ್ಟು. ಬೆಳ್ಳಿಯಾಗಲಿ ತಾಮ್ರವಾಗಲಿ, ಬಗ್ಗಿಸಿದಷ್ಟೂ ಬಡಿದಷ್ಟೂ ಗಟ್ಟಿಯಾಗುತ್ತ ಹೋಗಿ ಕೊನೆಗೆ ಸೀಳುತ್ತದೆ. ನಡುನಡುವೆ ಮಂದ ಕೆಂಪು ಬಣ್ಣ ಬರುವವರೆಗೆ ಕಾಯಿಸಿ, ಕೆಂಪು ಆರಿದ ಮೇಲೆ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಕಮ್ಮಾರರ ಉಕ್ಕು ಕೆಂಪಗಿರುವಾಗಲೇ ನೀರಿಗೆ ಬಿದ್ದರೆ ಗಟ್ಟಿಯಾಗುತ್ತದೆ, ಇಲ್ಲಿ ಅದು ನಡೆಯುವುದಿಲ್ಲ. ಕಾಯಿಸಿದ ಬಣ್ಣವನ್ನು ನೆರಳಿನಲ್ಲಿ ನೋಡಬೇಕು, ಬಿಸಿಲಿನಲ್ಲಿ ಕೆಂಪು ಕಾಣುವಷ್ಟರಲ್ಲಿ ಬೆಳ್ಳಿ ಕರಗುವ ಹಂತಕ್ಕೆ ಬಂದಿರುತ್ತದೆ. ನಾನು ಓದಿದ್ದ ಪುಸ್ತಕದಲ್ಲಿ ಶುದ್ಧ ಬೆಳ್ಳಿ 961 ಡಿಗ್ರಿಯಲ್ಲಿ ಕರಗುತ್ತದೆ ಎಂದಿತ್ತು. ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿ ಕೆಲಸ ಮಾಡಬೇಕೆಂದು ಅದರಲ್ಲಿ ಇರಲಿಲ್ಲ.

ಆದ್ದರಿಂದ ನಿಮ್ಮ ಬಿಟ್ಟುಕೊಳ್ಳುವ ಜುಮುಕಿಯನ್ನು ಬಿಸಾಡಬೇಡಿ, ಅದನ್ನೇ ಹಿಡಿದು ಹೋಗಿ. "ಕಲಿಸಿ" ಎಂದರೆ ಕಸುಬಿನವರಿಗೆ ಭಾರವಾಗುತ್ತದೆ, ದಿನದ ಕೂಲಿ ಕಳೆದುಕೊಳ್ಳುವ ಲೆಕ್ಕ ಕಣ್ಣಮುಂದೆ ಬರುತ್ತದೆ. ಕೆಟ್ಟ ಕೆಲಸವನ್ನು ಕಂಡರೆ ಮಾತ್ರ ಅವರಿಗೆ ಸುಮ್ಮನಿರಲು ಆಗುವುದಿಲ್ಲ. ಮಧ್ಯಾಹ್ನ ಊಟದ ನಂತರ ಹೋಗಿ, ಮದುವೆ ಸೀಸನ್ನಿನಲ್ಲಿ ಹೋಗಬೇಡಿ, ಹತ್ತು ನಿಮಿಷಕ್ಕೆ ಎದ್ದು ಬನ್ನಿ. ಅವರು ಹೇಳಿದ್ದನ್ನು ಮಾಡಿಕೊಂಡು ಮುಂದಿನ ವಾರ ಮತ್ತೆ ಹೋಗಿ. ಸುಮ್ಮನೆ ಬಿಟ್ಟಿ ಕಲಿಯಬೇಡಿ, ಅವರ ಮನೆಯವರ ನಾಲ್ಕು ಬ್ಲೌಸ್ ಹೊಲಿದುಕೊಡಿ.

ತರಗತಿಯೂ ಬೇಕೆನಿಸಿದರೆ ಮೊದಲು ಜಿಲ್ಲೆಯ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ವಿಚಾರಿಸಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಸಂಸ್ಥೆ ಇದು, ಊಟ ವಸತಿ ಸಹಿತ ಉಚಿತ. ಫ್ಯಾನ್ಸಿ ಆಭರಣದ ತರಬೇತಿ ಸುಮಾರು ಎರಡು ವಾರ ಇರುತ್ತದೆ, ಯಾವ ತಿಂಗಳು ಎಂದು ಕೇಳಿಕೊಳ್ಳಿ. ಅಲ್ಲಿ ಕೈ ಪಳಗುತ್ತದೆ ಎಂದು ನಂಬಬೇಡಿ, ಲೆಕ್ಕ ಬರೆಯುವುದು ಮತ್ತು ಬ್ಯಾಂಕಿನವರ ಜೊತೆ ಮಾತನಾಡುವುದು ಬರುತ್ತದೆ. ಅದೂ ಬೇಕು. ಒಂದು ವರ್ಷ ಹೀಗೆ ಕಳೆದ ಮೇಲೂ ಡಿಪ್ಲೊಮಾ ಬೇಕೆನಿಸಿದರೆ ಆಗ ಹೋಗಿ. ಆಗ ನಿಮಗೆ ಅಲ್ಲಿ ಏನು ಕೇಳಬೇಕೆಂದು ತಿಳಿದಿರುತ್ತದೆ, ಕಲಿಸುವವರಿಗೆ ಎಷ್ಟು ಗೊತ್ತಿದೆ ಎಂಬುದೂ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಪ್ರಶ್ನೆ: ಶಿಡ್ಲಘಟ್ಟದ ಹತ್ತಿರ ನಮ್ಮದು ರೇಷ್ಮೆ ಬೆಳೆ. ಗೂಡಿನಿಂದ ಓಲೆ, ಸರ ಮಾಡಿ ಮಾರಬೇಕೆಂದು ಆಸೆ. ಬಣ್ಣ ಹಾಕಿದರೆ ಗೂಡು ಮೆತ್ತಗಾಗಿ ಮುದುಡುತ್ತದೆ. ಎರಡು ತಿಂಗಳು ಇಟ್ಟರೆ ಹುಳು ಬೀಳುತ್ತದೆ. ಇದನ್ನು ಕಲಿಸುವವರು ಇಲ್ಲಿ ಯಾರೂ ಇಲ್ಲ.

ಉತ್ತರ: ಮೊದಲನೆಯದಾಗಿ, ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ ಬರುವ ಗೂಡಿಗೆ ಕತ್ತರಿ ಹಾಕಬೇಡಿ, ಮನೆಯವರು ಒಪ್ಪುವುದೂ ಇಲ್ಲ. ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಚಿಟ್ಟೆ ಹೊರಬಂದ ತೂತು ಗೂಡುಗಳು ಉಳಿಯುತ್ತವೆ. ಅವುಗಳಿಂದ ಎಳೆ ಮುರಿಯದೆ ನೂಲು ಬಿಚ್ಚಲು ಆಗದ ಕಾರಣ ಅಗ್ಗ. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡನ್ನೂ ನೂಲು ಬಿಚ್ಚುವ ರೀಲರ್‌ಗಳು ಇಷ್ಟಪಡುವುದಿಲ್ಲ, ಆದರೆ ನಮಗೆ ಅದು ದಪ್ಪ, ಗಟ್ಟಿ, ದಳ ಕತ್ತರಿಸಲು ಸೊಗಸು.

ಗೂಡು ಗಟ್ಟಿಯಾಗಿ ನಿಲ್ಲುವುದು ಅದರಲ್ಲಿರುವ ಸೆರಿಸಿನ್ ಎಂಬ ಅಂಟಿನಿಂದ. ಕುದಿಯುವ ನೀರು, ಸೋಪು, ಸೋಡಾ ಆ ಅಂಟನ್ನು ಕರಗಿಸುತ್ತವೆ. ನಿಮ್ಮ ಗೂಡು ಮುದುಡುತ್ತಿರುವುದು ಅದಕ್ಕೇ. ರೇಷ್ಮೆಗೆ ಹಿಡಿಯುವ ಆ್ಯಸಿಡ್ ಬಣ್ಣವನ್ನು, ಚೂರು ವಿನೆಗರ್ ಸೇರಿಸಿದ ನೀರಿನಲ್ಲಿ, ಕೈ ತಡೆಯುವುದಕ್ಕಿಂತ ತುಸು ಹೆಚ್ಚು ಬಿಸಿಯಲ್ಲಿ ಮಾತ್ರ ಹಾಕಿ. ಬಣ್ಣ ತಿಳಿಯಾಗಿ ಬರುತ್ತದೆ, ಬರಲಿ. ನನಗಂತೂ ಮಿಶ್ರತಳಿ ಗೂಡಿನ ಸಹಜವಾದ ಹಸಿರು ಬೆರೆತ ಹಳದಿಯ ಮುಂದೆ ಯಾವ ಬಣ್ಣವೂ ಬೇಡ ಎನಿಸುತ್ತದೆ.

ಹುಳುವಿನ ವಿಷಯ: ಗೂಡಿನ ಒಳಗೆ ಉಳಿದ ಪೊರೆಯ ಚೂರುಗಳ ವಾಸನೆಗೆ ಡರ್ಮೆಸ್ಟಿಡ್ ಎಂಬ ಕೀಟ ಬರುತ್ತದೆ. ಕತ್ತರಿಸಿ, ಒಳಗಿನದನ್ನೆಲ್ಲ ಬ್ರಷ್ಷಿನಿಂದ ಉಜ್ಜಿ ತೆಗೆದು, ಚೆನ್ನಾಗಿ ಒಣಗಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಕಲಿಸುವವರಿಲ್ಲ ಎಂದಿರಿ. ಗೂಡಿನ ಓಲೆ ಮಾಡುವವರು ಇಲ್ಲದಿರಬಹುದು. ನಿಮಗೆ ಬೇಕಾದವರು ಇಬ್ಬರು: ಗೂಡನ್ನು ಬೆರಳಲ್ಲಿ ಒತ್ತಿಯೇ ಗುಣ ಹೇಳುವ ಒಬ್ಬ ರೀಲರ್, ರೇಷ್ಮೆಗೆ ಬಣ್ಣ ಹಾಕುವ ಒಬ್ಬ ಮನುಷ್ಯ. ಆ ಇಬ್ಬರೂ ಸಿಗುವುದು ಕಷ್ಟವಲ್ಲದ ಊರು ನಿಮ್ಮದು, ಬೆಂಗಳೂರಿನವರು ಹೊಟ್ಟೆಕಿಚ್ಚು ಪಡಬೇಕು. ಕೊಂಡಿ ಹಾಕುವುದನ್ನು ಮೇಲೆ ಗುಬ್ಬಿಯವರಿಗೆ ಬರೆದಿದ್ದೇನೆ.

ಪ್ರಶ್ನೆ: ಚಿಂತಾಮಣಿಯಿಂದ. ನನ್ನ ಓಲೆ ಹಾಕಿಕೊಂಡವರ ಕಿವಿ ಕೆಂಪಾಗಿ ತುರಿಸುತ್ತದೆ ಎಂಬ ದೂರು. ಮಣಿಯ ಬಣ್ಣವೇ ಕಾರಣವೇ?

ಉತ್ತರ: ಬಹುಮಟ್ಟಿಗೆ ಅಲ್ಲ, ಕೊಕ್ಕೆಯಲ್ಲಿರುವ ನಿಕಲ್. ಗ್ರಾಂ ಲೆಕ್ಕದಲ್ಲಿ ತರುವ ಅಗ್ಗದ ಕೊಕ್ಕೆಗಳಲ್ಲಿ ಮೇಲಿನ ಲೇಪನ ಸವೆದ ಕೂಡಲೇ ಅದು ಚರ್ಮಕ್ಕೆ ತಾಗುತ್ತದೆ. ಕಿವಿಯೊಳಗೆ ಹೋಗುವ ಭಾಗವನ್ನು ಮಾತ್ರ 925 ಬೆಳ್ಳಿಯಲ್ಲಿ ಮಾಡಿ. ಅದರಲ್ಲಿ ನೂರಕ್ಕೆ 92.5 ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಹಳೆಯ ಗಿರಾಕಿಗಳನ್ನು ಕರೆದು ಕೊಕ್ಕೆ ಬದಲಿಸಿಕೊಡಿ, ದುಡ್ಡು ಕೇಳಬೇಡಿ.

ಪ್ರಶ್ನೆ: ಕೋಲಾರ. ನನಗೆ 22, ಬಿ.ಕಾಂ. ಮುಗಿದಿದೆ. ಅಪ್ಪ ಅಕ್ಕಸಾಲಿಗರು. "ಈ ಕೆಲಸ ನನ್ನ ತಲೆಗೇ ಮುಗಿಯಲಿ" ಎನ್ನುತ್ತಾರೆ. ನನಗೆ ಬುಗುಡಿ, ಕೊಪ್ಪುಗಳನ್ನು ಈಗಿನವರು ತೊಡುವ ಹಾಗೆ ಹಗುರವಾಗಿ ಮಾಡುವ ಆಸೆ. ಅಪ್ಪ ಈಗಲೂ ಕೆಡಿಎಂ ಬೆಸುಗೆ ಹಾಕುತ್ತಾರೆ, ಸಂಜೆ ಹೊತ್ತಿಗೆ ಕೆಮ್ಮು.

ಉತ್ತರ: ತಮ್ಮಾ, ನಿನ್ನ ಕೊನೆಯ ಸಾಲಿಗೆ ಮೊದಲು ಉತ್ತರಿಸುತ್ತೇನೆ. ಕೆಡಿಎಂ ಎಂದರೆ ಕ್ಯಾಡ್ಮಿಯಂ ಬೆರೆಸಿದ ಬೆಸುಗೆ. ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿಯುತ್ತದೆ, ಚಿನ್ನಕ್ಕೆ ಬೆಸುಗೆ ಹಾಕುವ ಬೆಂಕಿಯಲ್ಲಿ ಅದು ಹೊಗೆಯಾಗಿ ಮೇಲೇಳುತ್ತದೆ. ಊದುಗೊಳವೆ ಹಿಡಿದು ಬಾಗಿ ಕೂತವರ ಮುಖಕ್ಕೇ ಬರುತ್ತದೆ. ಉಸಿರಾಡಿದ ತಕ್ಷಣ ಏನೂ ಅನಿಸುವುದಿಲ್ಲ, ಕೆಲವು ಗಂಟೆಗಳ ನಂತರ ಎದೆ ಬಿಗಿತ, ಜ್ವರ, ಕೆಮ್ಮು. ವರ್ಷಗಟ್ಟಲೆ ಆದರೆ ಮೂತ್ರಪಿಂಡಕ್ಕೆ ಪೆಟ್ಟು. ಅಪ್ಪನನ್ನು ಈ ವಾರವೇ ವೈದ್ಯರ ಬಳಿ ಕರೆದುಕೊಂಡು ಹೋಗು, ಏನು ಕೆಲಸ ಮಾಡುತ್ತಾರೆ ಎಂಬುದನ್ನು ನೀನೇ ಬಾಯಿಬಿಟ್ಟು ಹೇಳು. ಕೆಮ್ಮು ಎಂದಷ್ಟೇ ಹೇಳಿದರೆ ಸಿರಪ್ ಬರೆದು ಕಳಿಸುತ್ತಾರೆ. ಕ್ಯಾಡ್ಮಿಯಂ ಇಲ್ಲದ ಬೆಸುಗೆ ಈಗ ಪೇಟೆಯಲ್ಲಿ ಸಿಗುತ್ತದೆ. ಬಿಳಿಗಾರ ಹಚ್ಚುವ ಕ್ರಮ ಅದೇ, ಕರಗುವ ಹದ ಮಾತ್ರ ಬೇರೆ, ನಾಲ್ಕು ದಿನದಲ್ಲಿ ಕೈಗೆ ಬರುತ್ತದೆ. ಕಿಟಕಿಗೆ ಹೊಗೆ ಎಳೆಯುವ ಫ್ಯಾನ್ ಹಾಕಿಸು.

ಫ್ಯಾನಿಗೆ, ಉಪಕರಣಕ್ಕೆ ದುಡ್ಡು? 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗರದ್ದೂ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ ₹500, ಉಪಕರಣಕ್ಕೆ ₹15,000, ಆಮೇಲೆ ಶೇ 5ರ ಬಡ್ಡಿಯಲ್ಲಿ ಮೊದಲ ಕಂತು ₹1 ಲಕ್ಷದವರೆಗೆ ಸಾಲ ಎಂದು ಯೋಜನೆ ಹೇಳುತ್ತದೆ. ಒಂದು ಕುಟುಂಬಕ್ಕೆ ಒಬ್ಬರು ಮಾತ್ರ. ಅಪ್ಪನ ಹೆಸರಿನಲ್ಲೇ ಆಗಲಿ, ಕೆಲಸ ಮಾಡುತ್ತಿರುವವರು ಅವರು.

ಈಗ ನಿನ್ನ ಬುಗುಡಿ. ಹೊರಗೆ ಹೋಗಿ ಕಂಪ್ಯೂಟರಿನಲ್ಲಿ ವಿನ್ಯಾಸ ಕಲಿಯುವುದು ತಪ್ಪಲ್ಲ. ಆದರೆ ಎಳೆ ಸುತ್ತಿ ರವೆ ಕೂರಿಸುವ ಕೈ ನಿಮ್ಮ ಮನೆಯಲ್ಲೇ ಇದೆ, ಅದನ್ನು ಬಿಟ್ಟು ಹೋಗುವುದು ದಡ್ಡತನ. ಚಿನ್ನದ ಗಣಿಯ ಜಿಲ್ಲೆಯಲ್ಲಿ ಗಣಿ 2001ರಲ್ಲೇ ಮುಚ್ಚಿತು, ಅದನ್ನು ನೀನು ತೆರೆಯಲಾರೆ. ಅಪ್ಪನ ಕೈ ಇನ್ನೂ ಮುಚ್ಚಿಲ್ಲ. ಅವರು ಬೇಡ ಎನ್ನುತ್ತಿರುವುದು ಕಸುಬನ್ನಲ್ಲ, ಅದರ ಕೂಲಿಯನ್ನು. ಗ್ರಾಂ ಲೆಕ್ಕದ ಮಜೂರಿಯಲ್ಲಿ ಅವರ ಬದುಕು ಸವೆದಿದೆ. ನೀನು ಬಿ.ಕಾಂ. ಓದಿದವನು, ಒಂದು ಬುಗುಡಿಗೆ ಬಂಗಾರ ಎಷ್ಟು, ತೇಮಾನು ಎಷ್ಟು, ಅವರ ಗಂಟೆಗಳು ಎಷ್ಟು ಎಂದು ಕಾಗದದಲ್ಲಿ ಬರೆದು ತೋರಿಸು. ಬಂಗಾರ ದುಬಾರಿ, ಮೊದಲ ಹತ್ತು ಮಾದರಿ ಬೆಳ್ಳಿಯಲ್ಲಿ ಮಾಡಿ. ಚಿನ್ನದ ಹಾಲ್‌ಮಾರ್ಕ್ ವಿಷಯ ಆಮೇಲೆ ನೋಡಿದರಾಯಿತು.

ಪ್ರಶ್ನೆ: ತಿಪಟೂರಿನವಳು. ತೆಂಗಿನ ಕರಟದ ಓಲೆ ಮಾಡುತ್ತೇನೆ. ಒಂದು ಜೊತೆಗೆ ₹100. ಎಲ್ಲರೂ "ಚೆನ್ನಾಗಿದೆ" ಎಂದು ಕೊಳ್ಳುತ್ತಾರೆ, ಕೈಯಲ್ಲಿ ಏನೂ ಉಳಿಯುವುದಿಲ್ಲ. ಕೊಕ್ಕೆ, ಪಾಲಿಷ್ ಸೇರಿ ₹40 ಖರ್ಚು, ಎರಡು ಗಂಟೆ ಕೆಲಸ. ಮನೆಪಾಠ ಹೇಳಿದರೆ ನನಗೆ ಗಂಟೆಗೆ ₹100 ಬರುತ್ತದೆ.

ಉತ್ತರ: ಲೆಕ್ಕವನ್ನು ನೀವೇ ಬರೆದು ಕಳಿಸಿದ್ದೀರಿ, ಕೂಡಿಸಿಲ್ಲ ಅಷ್ಟೇ. ಸಾಮಾನಿಗೆ ₹40, ಎರಡು ಗಂಟೆಗೆ ₹200, ಒಡೆದ ಕರಟ, ಸವೆದ ಗರಗಸದ ಎಲೆ, ಉಜ್ಜುಕಾಗದಕ್ಕೆ ₹30. ಒಟ್ಟು ₹270. ಅಂಗಡಿಯವರು ನೂರಕ್ಕೆ ಮೂವತ್ತು ಇಟ್ಟುಕೊಂಡರೆ ಹಲಗೆಯ ಮೇಲಿನ ಬೆಲೆ ₹390 ಆಗಬೇಕು. ಸದ್ಯ ಪ್ರತಿ ಜೊತೆಯ ಮೇಲೆ ನೀವು ಗಿರಾಕಿಗೆ ₹170 ದಾನ ಮಾಡುತ್ತಿದ್ದೀರಿ.

₹390ಕ್ಕೆ ಹೋಗುವುದಿಲ್ಲ ಎನ್ನುತ್ತೀರಿ, ಗೊತ್ತು. ಒಂದೊಂದು ಜೊತೆಯನ್ನು ಮೊದಲಿಂದ ಕೊನೆಯವರೆಗೆ ಮಾಡಬೇಡಿ. ಒಂದು ದಿನ ಹತ್ತು ಜೊತೆ ಬರೀ ಕತ್ತರಿಸಿ. ಮರುದಿನ ಎಲ್ಲವನ್ನೂ 120ರ ಕಾಗದದಲ್ಲಿ, ನಂತರ 220, 400ರಲ್ಲಿ ಉಜ್ಜಿ. ಕರಟದ ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ, ಮೂಗಿಗೆ ಮಾಸ್ಕ್ ಇರಲಿ. ಹೀಗೆ ಮಾಡಿದರೆ ಒಂದು ಜೊತೆಯ ಕೆಲಸ ಒಂದು ಗಂಟೆಗೆ ಇಳಿಯುತ್ತದೆ, ಅಂಗಡಿಯ ಬೆಲೆ ₹250ರ ಹತ್ತಿರ ಬರುತ್ತದೆ.

ಶಿವರಾತ್ರಿಗೆ ಸಿದ್ಧಗಂಗೆಯ ಜಾತ್ರೆಯ ವಸ್ತುಪ್ರದರ್ಶನಕ್ಕೆ ಬನ್ನಿ. ಮಳಿಗೆ ಹಾಕಬೇಡಿ, ಜಾತ್ರೆಯಲ್ಲಿ ಓಲೆಗೆ ₹50ಕ್ಕಿಂತ ಮೇಲೆ ಹೇಳಿದರೆ ಜನ ಮುಂದೆ ಸಾಗುತ್ತಾರೆ. ಓಲೆ ಮಾರುವವರ ಪಕ್ಕ ಒಂದು ಗಂಟೆ ನಿಂತು ಹೆಂಗಸರು ಯಾವುದನ್ನು ಕೈಗೆತ್ತಿಕೊಂಡು ಕಿವಿಗೆ ಹಿಡಿದು ನೋಡುತ್ತಾರೆ, ಯಾವುದನ್ನು ಬೆಲೆ ಕೇಳದೆಯೇ ಕೆಳಗಿಡುತ್ತಾರೆ ಎಂದು ಎಣಿಸಿ. ಆ ಲೆಕ್ಕದ ಜೊತೆ ನಿಮ್ಮ ಎರಡು ಕೆಟ್ಟ ಓಲೆಗಳನ್ನೂ ತನ್ನಿ, ನನ್ನ ಕೆಲಸದ ಮೇಜು ಮಧ್ಯಾಹ್ನ ಮೂರರ ನಂತರ ಖಾಲಿ ಇರುತ್ತದೆ.